ಜುಲೈ ಹಾಳಿ ಬೆನ್ನಿಗೆ

ಕ್ಲಾರಿಂಡಾ ಬಾಯಿ ಕ್ಯಾಲೆಂಡರಿನ ಜುಲೈ ಹಾಳಿ ಹರದು
ಬೋರಲು ಹಾಕಿ, ನನ್ನ ಲಟ್ಟಣಗಿ ಆಸರಕ್ಕ ಹಿಡದು
ಗೆರಿ ಎಳದ್ಲು. ಹನ್ನೆರಡು ವಾರ, ಹನ್ನೆರಡು ಖಾನೆ.
ಇಪ್ಪತ್ತು ವರ್ಷ ಹೋಟೆಲಿನ್ಯಾಗ ಬುಕಿಂಗ್ ಬರದಾಕಿ,
ಖಾಲಿ ಖೋಲಿ ತುಂಬಸೂದು ಅಕಿಗೆ ಗೊತ್ತು.
"ಕೌದಿ ಹೊಲದ್ರ ಮುಗೀಲಿಲ್ಲ ದುಂಡವ್ವ,
ಹೊಲದದ್ದು ಮಂದಿಗೆ ಕಾಣಬೇಕು" ಅಂದ್ಲು,
ಅರ್ಧ ಕೊಂಕಣಿ, ಅರ್ಧ ನನ್ನಿಂದ ಕಲ್ತ ಕನ್ನಡ.

ಮೊದಲ ಪ್ರಶ್ನೆ: ನಿನ್ನ ಗಿರಾಕಿ ಯಾರು?
ಥಂಡಿ ಹತ್ತಿದಾವ್ರು, ಅಂದೆ.
ಹಂಗಲ್ಲ. ವಯಸ್ಸೆಷ್ಟು, ಊರ್ಯಾವುದು, ಪಗಾರೆಷ್ಟು?
ಕಾಣದ ಮನಿಶ್ಯಾಗ ವಯಸ್ಸು ಹಚ್ಚಿದ್ವಿ:
ಮೂವತ್ತಾರು. ಹೆಣ್ಣು. ಮುಂಬೈ, ಇಲ್ಲಾ ಪುಣೆ.
ಎಸಿ ಹಚ್ಚಿ ಮಲಗಾಕಿ, ನಡುರಾತ್ರಿ ನಡಗಿ ಏಳಾಕಿ.
ಅಕಿಗೊಂದು ಹೆಸರೂ ಬೇಕಂತ. ಕೇತಕಿ ಅಂತಿಟ್ವಿ.
ಆ ಮ್ಯಾಲೆ ಸೂಜಿ ಎತ್ತಿದಾಗೆಲ್ಲ
ಎಲ್ಲೋ ಕೇತಕಿ ಕಾಲು ಮುದುಡಿದಂಗ ಅನಸಾಕ ಹತ್ತಿತು.

ಬೆಲಿ ಬರೀಬೇಕು. ಒಂದು ಕೌದಿಗೆ ಎಷ್ಟು ತಾಸು?
ತಾಸು ಎಣಿಸಿಲ್ಲ, ಈ ಅಮಾಸಿಯಿಂದ ಆ ಅಮಾಸಿ.
ಅಕಿ ಗುಣಿಸಿದ್ಲು. ಬಂದ ಲೆಕ್ಕ ನೋಡಿ
ಇಬ್ಬರೂ ಸುಮ್ಮನಾದ್ವಿ. ಅದರರ್ಧ ಬರದ್ವಿ.
ಅದನ್ನೂ ಬಾಯಿಬಿಟ್ಟು ಹೇಳಾಕ ನನಗ ನಾಚಿಕಿ.

ಸೋಮವಾರ ಫೋಟೊ. ಹಗಲು ಬೆಳಕಿನ್ಯಾಗ, ಗ್ವಾಡಿಗೆ ಇಳಿಬಿಟ್ಟು.
ನಮ್ಮ ಗ್ವಾಡಿ ಪತ್ರಾಸಿಂದು. ಹಂಗಾಗಿ ನೀರಿನ ಟಾಕಿ ಮುಂದ,
ಮಂದಿ ಕೊಡಾ ಸರಿಸಿ, ಬೈಸಿಕೊಂಡು.
ಬುಧವಾರ ಸಂಜಿ ಏಳಕ್ಕ ಹೊಲಿಯೂ ವಿಡಿಯೊ,
ಏಳಕ್ಕ ಜಗತ್ತು ಫೋನ್ ಹಿಡೀತೈತಂತ.
ಝುವಾರಿನಗರದಾಗ ಏಳಕ್ಕ ನಳ ಬರ್ತೈತಿ.
ಮೊದಲ ಬುಧವಾರ ನೀರು ಹಿಡದೆ.
ಎರಡನೇ ಬುಧವಾರ ವಿಡಿಯೊ ಹಾಕಿದೆ,
ಗುರುವಾರ ಮುಂಜಾನೆ ಕಡಾ ನೀರಿಲೆ ಚಾ ಮಾಡಿದೆ.
ಮೂರನೇದಕ್ಕ ಖಾನೆ ತಿದ್ದಿದ್ವಿ: ಒಂಬತ್ತಕ್ಕ.
"ಪೆನ್ಸಿಲಿಲೆ ಬರದದ್ದು ಯಾಕ ಅಂತ ಮಾಡಿದಿ?" ಅಂದ್ಲು.

ಜಾಹೀರಾತಿಗೆ ಇನ್ನೂರು ರೂಪಾಯಿ.
ಏಳು ನೂರಾ ಹನ್ನೊಂದು ಮಂದಿ ನೋಡಿದ್ರು.
ಒಬ್ಬಾವ ಕೇಳಿದ: ಎಮ್ಮಿಗೆ ಹೊದಸಬಹುದೇನು?
ಒಬ್ಬಾಕಿ: ಹಳೇ ಅರಬಿಗೆ ಇಷ್ಟ್ಯಾಕ ತುಟ್ಟಿ?
ಬರದೆ, ಅಳಿಸಿದೆ. ಬರದೆ, ಅಳಿಸಿದೆ.
ಹಾಳ್ಯಾಗ ಇತ್ತು: ಉತ್ತರ ಎರಡು ತಾಸಿನೊಳಗ, ನಗುಮುಖದಿಂದ.
ಒಂದು ಹಳದಿ ನಗುಮುಖ ಹಾಕಿದೆ.
ನನ್ನ ಮುಖ ನನ್ನ ಹಂತೇಕ ಇಟಗೊಂಡೆ.

ಆರನೇ ವಾರ ಬೆರಳು ಬಾತಿತ್ತು, ಏನೂ ಹಾಕಲಿಲ್ಲ.
ಕ್ಲಾರಿಂಡಾ ಬೈಲಿಲ್ಲ, ಖಾನೆದಾಗ ಬರದ್ಲು
ನನ್ನ ಹೆಸರಿನಷ್ಟ ದುಂಡಗಿಂದೊಂದು ಸೊನ್ನಿ.

ಒಂದು ಸಾಲು ಮಾತ್ರ ಸುರುವಿನಿಂದ ಖಾಲಿನ ಐತಿ:
ಬ್ಯಾರೆಯವರ ಮಾಲಿನ್ಯಾಗ ಇಲ್ಲದ್ದು ನಿನ್ನದರಾಗ ಏನೈತಿ?
ಐತಿ. ನಮ್ಮವ್ವ ಕಲಿಸಿದ್ದು.
ಕಡೀಕ, ನಟ್ಟನಡುವಿನ ತ್ಯಾಪಿ ಮುಚ್ಚೂ ಮುಂದ
ಕಟಿ ರೊಟ್ಟಿದೊಂದು ಚೂರು ಒಳಗಿಡೂದು, ಉಗುರಿನಷ್ಟು.
ಹಸಗೊಂಡ ಕೌದಿ ಯಾರ ಮನಿಗೂ ಹೋಗಬಾರದು.
ಇದನ್ನ ಬರದ್ರ ಕೇತಕಿ, ಇರುವಿ ಬರ್ತಾವ ಅಂತ
ಒಂದ ಚುಕ್ಕಿ ಕೊಟ್ಟಾಳು.
ಬರದ್ರ ಕ್ಲಾರಿಂಡಾ, ರೊಟ್ಟಿದೂ ಫೋಟೊ ತಗಿ ಅಂದಾಳು.
ಕೇಳಿದಾಗೆಲ್ಲ, ವಿಚಾರ ಮಾಡಾಕತ್ತೀನಿ ಅಂತೀನಿ.

ಈಗ ಒಂಬತ್ತನೇ ವಾರ. ನಾಕು ಕೌದಿ ಹೋಗ್ಯಾವು.
ಒಂದು ಖರೇನ ಪುಣೆಕ್ಕ. ತರಸಿದಾಕಿ ಕೇತಕಿ ಅಲ್ಲ,
ಎಪ್ಪತ್ತೆರಡರ ಮುದುಕ,
ಮಿಲಿಟರಿ ಬ್ಯಾಂಡಿನ್ಯಾಗ ತುತೂರಿ ಊದತಿದ್ದನಂತ.
ಬರದಾನ: ಬೆಚ್ಚಗೈತಿ.
ನಡುವ ಏನೋ ಕೈಗೆ ಗಟ್ಟಿ ಹತ್ತತೈತಿ. ಏನದು?

ಒಂದು ತಾಸು ನಲವತ್ತು ಮಿನಿಟು ಆಗೇತಿ.
ವಾಸ್ಕೊ ಬಸ್ಸಿನ್ಯಾಗ ಕೂತೀನಿ,
ಕೊರಿಯರಿಗೆ ಹೊಂಟ ಐದನೇ ಕೌದಿ ತೊಡಿ ಮ್ಯಾಲೆ.
ಒಂದ ಶಬ್ದ ಬರದೀನಿ: ಊಟ.
ಅಳಸಲೋ, ಕಳಸಲೋ,
ಬಸ್ಸು ಚಿಖಲಿ ದಾಟಾಕತ್ತೇತಿ.